ಅಗ್ಗದ ಡಿಸ್ಕ್ ಪ್ಲೇಯರ್‌ಗೂ ದುಬಾರಿ ಡಿಸ್ಕ್ ಪ್ಲೇಯರ್‌ಗೂ ದನಿಯಲ್ಲಿ ನಿಜಕ್ಕೂ ವ್ಯತ್ಯಾಸ ಇದೆಯಾ?

ಮೆಲುದನಿ:
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಒಂದು ಸಾದಾ ಡಿವಿಡಿ ಪ್ಲೇಯರ್‌ನಲ್ಲೇ ನನ್ನ ಸಿಡಿಗಳನ್ನೆಲ್ಲ ಕೇಳುತ್ತಿದ್ದೇನೆ. ಹೋದ ವಾರ ಗೆಳೆಯರೊಬ್ಬರು ಪ್ರವಾಸಕ್ಕೆ ಹೊರಟಾಗ ತಮ್ಮ ಸಿಡಿ ಪ್ಲೇಯರನ್ನು ನನ್ನ ಹತ್ತಿರ ಬಿಟ್ಟು ಹೋದರು. ಬೆಲೆ ನನ್ನದರ ಇಪ್ಪತ್ತು ಪಟ್ಟು. ಎತ್ತಿದರೆ ಕಲ್ಲಿನ ಹಾಗೆ ಭಾರ. ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್ ಇಟ್ಟುಕೊಂಡು ಎರಡನ್ನೂ ಒಂದಾದ ಮೇಲೊಂದು ಕೇಳಿದೆ.

ದುಬಾರಿಯದರಲ್ಲಿ ದನಿ ತುಂಬಿಕೊಂಡು ಬರುತ್ತದೆ. ಹಾಡುವವರು ಎರಡು ಹೆಜ್ಜೆ ಮುಂದೆ ಬಂದು ನಿಂತ ಹಾಗೆ. ಇನ್ನೊಂದು ವಿಷಯ. ನನ್ನ ಹತ್ತಿರ 1980ರ ದಶಕದ ಮೊದಲ ಭಾಗದ ಒಂದು ಪಿಯಾನೋ ಡಿಸ್ಕ್ ಇದೆ. ನನ್ನ ಪ್ಲೇಯರ್‌ನಲ್ಲಿ ಅದು ಯಾವಾಗಲೂ ಗಾಜಿನ ಚೂರಿನ ಹಾಗೆ ಚೂಪು. ಹತ್ತು ನಿಮಿಷಕ್ಕೆಲ್ಲ ಕಿವಿ ದಣಿಯುತ್ತಿತ್ತು. ರೆಕಾರ್ಡಿಂಗೇ ಹಾಗಿರಬೇಕು ಅಂದುಕೊಂಡಿದ್ದೆ. ಗೆಳೆಯರ ಪ್ಲೇಯರ್‌ಗೆ ಹಾಕಿದರೆ ಅದು ಬೇರೆಯೇ ಪಿಯಾನೋ! ಮೆತ್ತಗೆ, ಮರದ ದನಿ. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ಮಗಳು ಎದ್ದು ಬಂದು "ಅಪ್ಪ, ಇದು ಆ ಡಿಸ್ಕೇನಾ?" ಎಂದು ಕೇಳಿದಳು.

ಅಂಥದೊಂದು ಕೊಳ್ಳಲು ಕೂಡಿಟ್ಟ ದುಡ್ಡಿಗೆಲ್ಲ ಕೈ ಹಾಕಬೇಕಾಗುತ್ತದೆ. ಅದಕ್ಕೆ ಮೊದಲು ಕೇಳುತ್ತಿದ್ದೇನೆ. ಈ ವ್ಯತ್ಯಾಸ ದುಡ್ಡಿನಿಂದ ಬಂದದ್ದೇ? ಸರಿಯಾಗಿ ತೂಗಿ ನೋಡುವುದು ಹೇಗೆ?

ಹಳೆಪ್ಲೇಯರ್:
ಇದರಲ್ಲಿ ಎರಡು ಮಾತಿಲ್ಲ. ವ್ಯತ್ಯಾಸ ಇದೆ. ನಿಮ್ಮ ಕಿವಿ ಹೇಳಿದ್ದನ್ನು ನಂಬಿ.

ತಂತಿಮಿಡಿತ:
ಸ್ವಲ್ಪ ತಡೆಯಿರಿ ಮೆಲುದನಿ ಅವರೇ. ಎರಡರ ದನಿ ಮಟ್ಟ ಒಂದೇ ಇತ್ತಾ? ವಾಲ್ಯೂಮ್ ಗುಬುಟು ಅದೇ ಜಾಗದಲ್ಲಿತ್ತು ಅಂದರೆ ಮಟ್ಟ ಒಂದೇ ಅಂತಲ್ಲ. ಸಿಡಿ ಪ್ಲೇಯರ್‌ಗಳಿಂದ ಹೆಚ್ಚೆಂದರೆ 2 ವೋಲ್ಟ್ ಬರಬೇಕು ಎಂಬುದು ವಾಡಿಕೆ. ನಿಜದಲ್ಲಿ ಒಂದರಲ್ಲಿ ಸ್ವಲ್ಪ ಕಡಿಮೆ, ಒಂದರಲ್ಲಿ ಸ್ವಲ್ಪ ಜಾಸ್ತಿ. ಅರ್ಧ ಡೆಸಿಬೆಲ್ ಜಾಸ್ತಿಯಾದರೆ ನಮಗೆ "ಜೋರಾಯಿತು" ಅನ್ನಿಸುವುದೇ ಇಲ್ಲ. "ಚೆನ್ನಾಗಿದೆ, ತುಂಬಿಕೊಂಡಿದೆ, ಮುಂದೆ ಬಂದಿದೆ" ಅನ್ನಿಸುತ್ತದೆ. ನೀವು ಬರೆದ ಮಾತುಗಳೇ ಇವು, ಅಲ್ವಾ?

ಮೊದಲು ಮಟ್ಟ ಸರಿ ಮಾಡಿ. ಆಮೇಲೆ ಯಾವುದು ಹಾಡುತ್ತಿದೆ ಎಂದು ಗೊತ್ತಾಗದ ಹಾಗೆ ಕೇಳಿ. ಇವೆರಡೂ ಆಗುವ ತನಕ ದುಡ್ಡು ಬಿಚ್ಚಬೇಡಿ.

ಹಳೆಪ್ಲೇಯರ್:
ಪಿಯಾನೋ ಡಿಸ್ಕ್ ವಿಷಯಕ್ಕೆ ಏನು ಹೇಳುತ್ತೀರಿ? ಗಾಜು ಹೋಗಿ ಮರ ಆಗುವುದು ಅರ್ಧ ಡೆಸಿಬೆಲ್ಲಿನ ಕೆಲಸವಾ? ಪಕ್ಕದ ಕೋಣೆಯ ಮಗುವಿಗೂ ಗೊತ್ತಾಗಿದೆ. ಆ ಮಗುವಿಗೆ ಯಾವ ಪ್ಲೇಯರ್ ಎಂದು ಯಾರೂ ಹೇಳಿರಲಿಲ್ಲ.

ತಂತಿಮಿಡಿತ:
ಅದು ಸರಿಯಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಮೊದಲು ಅಳೆಯಲಿ, ಆಮೇಲೆ ನೋಡೋಣ.

ಶ್ರುತಿಪೆಟ್ಟಿಗೆ:
ನಾನು ಹಾಡುವವಳು, ಯಂತ್ರಗಳ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದರೆ ಒಂದು ಸಲಹೆ. ಹೋಲಿಸಲು ಅಬ್ಬರದ ಹಾಡು ಹಾಕಬೇಡಿ. ತಂಬೂರಿಯಂಥ ಒಂದೇ ಸಮನೆ ನಡೆಯುವ ದನಿ ಹಾಕಿ. ಅದರಲ್ಲಿ ಮೇಲಿನ ಸ್ವರಾಂಶಗಳು ಎಷ್ಟೊಂದು ಇರುತ್ತವೆ. ಮೇಲುಗಡೆ ಸ್ವಲ್ಪ ಏರುಪೇರಾದರೂ ಜೀರು (ತಂತಿಯ ಝೇಂಕಾರ) ಬದಲಾಗಿದ್ದು ತಕ್ಷಣ ಸಿಗುತ್ತದೆ. ನೆನಪಿನಲ್ಲಿ ಉಳಿಯುವುದೂ ಸುಲಭ.

ಬೆಸುಗೆ:
ಮೂವತ್ತು ವರ್ಷದಿಂದ ಪ್ಲೇಯರ್ ಬಿಚ್ಚುತ್ತಿರುವವನು ನಾನು. ಅಳೆಯುವ ದಾರಿ ಹೇಳುತ್ತೇನೆ. ಪರೀಕ್ಷಾ ಡಿಸ್ಕ್‌ನಿಂದ ಸೈನ್ ಅಲೆ (ಒಂದೇ ಸ್ವರದ ಸಾದಾ ದನಿ) ನುಡಿಸಿ, ಸ್ಪೀಕರ್‌ಗೆ ತಂತಿ ಸಿಕ್ಕಿಸುವ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟ್ ಓದಿ. 1 ಕಿಲೋಹರ್ಟ್ಸ್ ಬೇಡ. ಸಾದಾ ಮಲ್ಟಿಮೀಟರ್‌ಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸಬಹುದು. 100 ಅಥವಾ 200 ಹರ್ಟ್ಸ್ ಸಾಕು. ಎರಡು ಪ್ಲೇಯರ್‌ಗಳ ಅಂತರ 0.1 ಡೆಸಿಬೆಲ್ ಒಳಗೆ ಬರಬೇಕು. ಅಂದರೆ 2 ವೋಲ್ಟ್‌ಗೆ 0.02 ವೋಲ್ಟ್ ಆಸುಪಾಸು. ಜೋರಾಗಿರುವ ಪ್ಲೇಯರ್‌ಗೂ ಆಂಪ್ಲಿಫೈಯರ್‌ಗೂ ನಡುವೆ 10 ಕಿಲೋಓಮ್‌ನ ಜೋಡಿ ಪೊಟೆನ್ಶಿಯೋಮೀಟರ್ (ತಿರುಗಿಸಿ ದನಿ ತಗ್ಗಿಸುವ ಗುಬುಟು) ಹಾಕಿ ತಗ್ಗಿಸಿ. ಅದನ್ನು ಜೋಡಿಸಲು ಅರ್ಧ ಗಂಟೆ ಬೇಕಾಗುತ್ತದೆ.

ಕಣ್ಣು ಮುಚ್ಚಿ ಕೇಳುವಾಗ ಎರಡರಲ್ಲೂ ಒಂದೇ ಹಾಡು ಒಟ್ಟಿಗೆ ಓಡುತ್ತಿರಬೇಕು. ಅದಕ್ಕೆ ಒಂದರಲ್ಲಿ ಮೂಲ ಡಿಸ್ಕ್, ಇನ್ನೊಂದರಲ್ಲಿ ಅದರ ಸಿಡಿ-ಆರ್ (ಕಂಪ್ಯೂಟರ್‌ನಲ್ಲಿ ಬರೆಯಬಹುದಾದ ಖಾಲಿ ಸಿಡಿ) ನಕಲು ಹಾಕಿ.

ಹಳೆಪ್ಲೇಯರ್:
ನಕಲು ಹಾಕಿದರೆ ಪರೀಕ್ಷೆಯೇ ಕೆಟ್ಟಿತು. ನಕಲು ಯಾವತ್ತೂ ಮೂಲದ ಹಾಗೆ ಕೇಳುವುದಿಲ್ಲ. ನಾನೇ ಎಷ್ಟೋ ಸಲ ಕೇಳಿದ್ದೇನೆ.

ಬೆಸುಗೆ:
ಸರಿಯಾಗಿ ಸುಟ್ಟ, ಅಂದರೆ ಬರೆದ, ನಕಲಿನಲ್ಲಿ ದನಿಯನ್ನು ಹಿಡಿದಿಟ್ಟ ಅಂಕಿಗಳು ಅವೇ ಇರುತ್ತವೆ, ಸರ್. ಕಂಪ್ಯೂಟರ್‌ನಲ್ಲಿ ಹೋಲಿಸಿ ನೋಡಬಹುದು. ಅದೂ ಅಲ್ಲದೆ ಸಿಡಿಯಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಒಳಗೇ ಇದೆ. ಹೆಸರು ಸಿಐಆರ್‌ಸಿ. ಟ್ರ್ಯಾಕ್ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿ ಹೋದರೂ ಒಂದು ಅಂಕಿಯೂ ತಪ್ಪದ ಹಾಗೆ ಅದು ತಿದ್ದಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಅಳಿಸಿದ್ದರೆ ಅಕ್ಕಪಕ್ಕದ ಅಂಕಿ ನೋಡಿ ಊಹಿಸಿ ತುಂಬುತ್ತದೆ. ಆಗ ಮಾತ್ರ ದನಿ ಕೆಡುವ ಮಾತು. ಅಗ್ಗದ ಪ್ಲೇಯರೂ ಈ ತಿದ್ದುವ ಕೆಲಸ ಮಾಡಲೇಬೇಕು. ಇಲ್ಲದಿದ್ದರೆ ಸಿಡಿ ಓದಲು ಆಗುವುದೇ ಇಲ್ಲ.

ಹೊಸಬ:
ಮಧ್ಯದಲ್ಲಿ ಒಂದು ಪ್ರಶ್ನೆ. ಗೀರು ಬಿದ್ದ ಡಿಸ್ಕ್ ಒರೆಸುವುದು ಹೇಗೆ? ಗುಂಡಗೆ ಒರೆಸಬಾರದು ಅಂತಾರೆ, ನಿಜವಾ?

ಬೆಸುಗೆ:
ನಿಜ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಗುಂಡಗೆ ಒರೆಸಿದಾಗ ಬೀಳುವ ಗೀರು ಟ್ರ್ಯಾಕ್ ಉದ್ದಕ್ಕೇ ಬೀಳುತ್ತದೆ, ಅದನ್ನು ತಿದ್ದುವುದು ಕಷ್ಟ. ಇನ್ನೊಂದು ಮಾತು. ಹೆಸರು ಅಚ್ಚಾಗಿರುವ ಬದಿಯ ಗೀರಿಗೆ ಜಾಸ್ತಿ ಹೆದರಿ. ಅಲ್ಲಿ ಲೋಹದ ಪದರದ ಮೇಲೆ ತೆಳ್ಳನೆ ಲೇಪ ಮಾತ್ರ ಇರುತ್ತದೆ. ಹೊಳೆಯುವ ಬದಿಯಲ್ಲಿ 1 ಮಿಲಿಮೀಟರ್‌ಗಿಂತ ದಪ್ಪ ಪ್ಲಾಸ್ಟಿಕ್ ಕಾವಲಿದೆ.

ಹೊಸಬ:
ಅಯ್ಯೋ, ನಾನು ಇಷ್ಟು ದಿನ ಆ ಬದಿಯನ್ನೇ ಕೆಳಗೆ ಮಾಡಿ ಮೇಜಿನ ಮೇಲೆ ಇಡುತ್ತಿದ್ದೆ. ಥ್ಯಾಂಕ್ಸ್ ಸರ್.

ಹಳೆಪ್ಲೇಯರ್:
ಅಂಕಿ ಅವೇ ಇರಬಹುದು. ಅಂಕಿಯನ್ನು ದನಿ ಮಾಡುವ ಚಿಪ್ ಬೇರೆ, ಅದರ ಮುಂದಿನ ಅನಲಾಗ್ ಭಾಗ ಬೇರೆ, ವಿದ್ಯುತ್ ಪೂರೈಕೆ ಬೇರೆ. ಇತಿಹಾಸ ನೋಡಿ. 1982ರಲ್ಲಿ ಸೋನಿ ಸಿಡಿಪಿ-101 ಬಂದಾಗ ಎರಡೂ ಚಾನೆಲ್‌ಗೆ ಒಂದೇ ಪರಿವರ್ತಕ. ಒಂದು ಸಲ ಎಡ, ಒಂದು ಸಲ ಬಲ. ಒಂದು ಕಿವಿಯ ದನಿ ಇನ್ನೊಂದಕ್ಕಿಂತ 11 ಮೈಕ್ರೋಸೆಕೆಂಡ್ ಹಿಂದೆ. ಅದೇ ಹೊತ್ತಿಗೆ ಫಿಲಿಪ್ಸ್‌ನವರು 14 ಬಿಟ್ ಚಿಪ್ ಇಟ್ಟುಕೊಂಡು, ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ (ಅಂಕಿಗಳ ನಡುವೆ ಇನ್ನಷ್ಟು ಅಂಕಿ ಲೆಕ್ಕ ಹಾಕಿ ಸೇರಿಸಿ), 16 ಬಿಟ್‌ಗೆ ಸಮ ಬರುವ ಕೆಲಸ ತೆಗೆದರು. ಆಮೇಲೆ ಬಂದ ಅವರ ಟಿಡಿಎ1541 ಚಿಪ್ಪನ್ನು ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಪ್ಲೇಯರ್ ಎಲ್ಲ ಒಂದೇ ಅನ್ನುವವರು ಈ ಎಂಜಿನಿಯರ್‌ಗಳ ದುಡಿಮೆಯನ್ನೇ ಬದಿಗೆ ಸರಿಸಿದ ಹಾಗೆ. ನನಗೆ ಅದು ಬೇಸರ ತರುತ್ತದೆ.

ತಂತಿಮಿಡಿತ:
ಆ ದುಡಿಮೆಯ ಮೇಲೆ ನನಗೂ ಗೌರವ ಇದೆ. ಅದರ ಫಲವಾಗಿಯೇ ಇವತ್ತು ಚಿಲ್ಲರೆ ಕಾಸಿನ ಚಿಪ್ ಕೂಡ ಸಿಡಿಗೆ ಬೇಕಾದ 96 ಡೆಸಿಬೆಲ್ ವ್ಯಾಪ್ತಿಯನ್ನು (ಅತಿ ಮೆಲ್ಲನೆ ದನಿಗೂ ಅತಿ ಜೋರು ದನಿಗೂ ಇರುವ ಅಂತರ) ಆರಾಮಾಗಿ ಕೊಡುತ್ತದೆ. 1982ರ ಕೊರತೆಯನ್ನು ಇವತ್ತಿನ ಅಗ್ಗದ ಪ್ಲೇಯರ್ ಮೇಲೆ ಹೊರಿಸಬಾರದು.

ಕಿವಿಮಾತು:
ಒಂದು ಹಳೆ ಸುದ್ದಿ. 2010ರಲ್ಲಿ ಒಂದು ಹೆಸರುವಾಸಿ ಕಂಪನಿಯ ಬ್ಲೂ-ರೇ ಪ್ಲೇಯರ್ ಬಿಚ್ಚಿ ನೋಡಿದರೆ, ಒಳಗೆ ಒಪ್ಪೋ ಬಿಡಿಪಿ-83 ಪ್ಲೇಯರ್ ಇದ್ದ ಹಾಗೇ ಕೂತಿತ್ತು. ಹೊರಗಿನ ಪೆಟ್ಟಿಗೆ ಮಾತ್ರ ಬೇರೆ. ಬೆಲೆ ಏಳು ಪಟ್ಟು. ಇನ್ನೊಂದು ಕಡೆ, ಮೊದಲ ಪ್ಲೇಸ್ಟೇಷನ್ ಆಟದ ಪೆಟ್ಟಿಗೆಯನ್ನು ಸಂಗೀತಪ್ರಿಯರು ಸಿಡಿ ಪ್ಲೇಯರ್ ಎಂದು ಹುಡುಕಿ ಕೊಂಡರು. ಹಿಂದೆ ಆಂಪ್ಲಿಫೈಯರ್‌ಗೆ ತಂತಿ ಎಳೆಯುವ ಆರ್‌ಸಿಎ ತೂತುಗಳಿದ್ದ ಎಸ್‌ಸಿಪಿಎಚ್-1001 ಮಾದರಿ ಅದು. ಬೆಲೆ ನೋಡಿ ದನಿ ಊಹಿಸುವುದು ಎರಡೂ ಕಡೆ ಕೈ ಕೊಟ್ಟಿದೆ.

ಹಳೆಪ್ಲೇಯರ್:
ಪ್ಲೇಸ್ಟೇಷನ್ ಚೆನ್ನಾಗಿದೆ ಅಂತ ಜನ ಹುಡುಕಿದರು ಅಂದರೆ ಪ್ಲೇಯರ್‌ಗಳ ನಡುವೆ ವ್ಯತ್ಯಾಸ ಕೇಳಿಸಿದೆ ಅಂತಲೇ ಅಲ್ವಾ? ನನ್ನ ಮಾತನ್ನೇ ನೀವು ಹೇಳಿದಿರಿ.

ಕಿವಿಮಾತು:
ಅವರು ಕಣ್ಣು ಮುಚ್ಚಿ ಕೇಳಿದ್ದರೆ ಒಪ್ಪುತ್ತಿದ್ದೆ.

ಮೌನರಾಗ:
ಜಿಟ್ಟರ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ? ಅಂಕಿಗಳನ್ನು ದನಿ ಮಾಡುವ ಹೊತ್ತು ಗುರುತಿಸುವ ಗಡಿಯಾರದ ಆ ತುಯ್ತ ಕಡಿಮೆ ಮಾಡುವುದಕ್ಕೇ ದುಬಾರಿ ಪ್ಲೇಯರ್ ಬೇಕು ಅಂತ ಓದಿದ್ದೆ.

ಬೆಸುಗೆ:
ಜಿಟ್ಟರ್ ಇರುವುದು ನಿಜ, ಅಳೆಯಲೂ ಬರುತ್ತದೆ. ಆದರೆ ಪ್ರಮಾಣ ನೋಡಬೇಕು. 2005ರಲ್ಲಿ ಜಪಾನಿನ ಸಂಶೋಧಕರು ಸಂಗೀತಕ್ಕೆ ಬೇಕೆಂದೇ ಜಿಟ್ಟರ್ ಬೆರೆಸಿ ಕೇಳಿಸಿದರು. ನೂರಾರು ನ್ಯಾನೋಸೆಕೆಂಡ್ ಆಗುವ ತನಕ ಕೇಳುಗರಿಗೆ ಗುರುತು ಸಿಗಲಿಲ್ಲ. ಸಾಮಾನ್ಯ ಪ್ಲೇಯರ್‌ಗಳಲ್ಲಿ ಅದು 1 ನ್ಯಾನೋಸೆಕೆಂಡ್ ಆಸುಪಾಸು ಇರುತ್ತದೆ, ಎಷ್ಟೋ ಸಲ ಅದಕ್ಕೂ ಕಡಿಮೆ. ನನ್ನ ಮೇಜಿಗೆ ಬರುವ ಪ್ಲೇಯರ್‌ಗಳ ತೊಂದರೆ ಬೇರೆಯೇ. ಮಂಕಾದ ಲೇಸರ್, ಒಣಗಿದ ಕೆಪಾಸಿಟರ್, ಸವೆದ ಮೋಟಾರ್, ಸಡಿಲವಾದ ಆರ್‌ಸಿಎ ತೂತು. ದನಿ ಕೆಡಿಸುವವು ಇವೇ.

ಅಗ್ಗದ ಪ್ಲೇಯರ್‌ನ ನಿಜವಾದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಸದ್ದಿಲ್ಲದ ಜಾಗದಲ್ಲಿ ಮೋಟಾರಿನ ಗುರ್ ಕೇಳುತ್ತದೆ. ಕೆಲವು ಡಿವಿಡಿ ಪ್ಲೇಯರ್‌ಗಳು ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವಾಗ ದನಿಯನ್ನು ಒಂದು ಕ್ಷಣ ಕತ್ತರಿಸುತ್ತವೆ. ಬಿಡದೆ ಹರಿಯುವ ಸಂಗೀತ ಕೇಳುವವರಿಗೆ ಅದು ಎದೆಗೆ ಚುಚ್ಚಿದ ಹಾಗೆ. ಹೆಡ್‌ಫೋನ್ ತೂತು ಇರುವುದಿಲ್ಲ, ಇದ್ದರೂ ಗೊರಗೊರ. ಇವಕ್ಕಾಗಿ ದುಡ್ಡು ಜಾಸ್ತಿ ಕೊಟ್ಟರೆ ನಾನು ತಪ್ಪು ಅನ್ನುವುದಿಲ್ಲ.

ಅಂಕಿಲೆಕ್ಕ:
ಮೆಲುದನಿ ಅವರೇ, ಎಷ್ಟು ಸಲ ಕೇಳಬೇಕು ಎಂಬುದು ಮುಖ್ಯ. ಐದು ಸಲ ಕೇಳಿ ನಾಲ್ಕು ಸರಿ ಬಂತು ಅಂದರೆ ಏನೂ ಹೇಳಲು ಆಗುವುದಿಲ್ಲ. ಕಡಿಮೆ ಎಂದರೂ 16 ಸಲ ಮಾಡಿ. 12 ಅಥವಾ ಜಾಸ್ತಿ ಸರಿ ಬಂದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ನೂರಕ್ಕೆ 4ರಷ್ಟೇ. ಯಾವುದನ್ನು ಹಾಕಬೇಕು ಎಂದು ಪ್ರತಿ ಸಲ ನಾಣ್ಯ ಚಿಮ್ಮಿ ತೀರ್ಮಾನಿಸಿ.

2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಎಸ್‌ಎಸಿಡಿ, ಡಿವಿಡಿ-ಆಡಿಯೋ ಎಂಬ, ಸಿಡಿಗಿಂತ ಹೆಚ್ಚು ವಿವರ ಹಿಡಿಯುವ ಡಿಸ್ಕ್‌ಗಳ ದನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದರು. 554 ಪ್ರಯತ್ನದಲ್ಲಿ 276 ಸರಿ. ಅಂದರೆ ನಾಣ್ಯ ಚಿಮ್ಮಿದ ಹಾಗೆಯೇ.

ಹಳೆಪ್ಲೇಯರ್:
ಅರ್ಧ ಕಥೆ ಹೇಳಬೇಡಿ. 2016ರಲ್ಲಿ ರೀಸ್ ಅವರು ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸರಾಸರಿ 52.3 ಪ್ರತಿಶತ ಸರಿ ಬಂತು. ತರಬೇತಿ ಪಡೆದ ಕೇಳುಗರಲ್ಲಿ ಇನ್ನೂ ಜಾಸ್ತಿ. ಕೇಳುವುದನ್ನು ಕಲಿತವರಿಗೆ ಕೇಳುತ್ತದೆ.

ಅಂಕಿಲೆಕ್ಕ:
ಒಪ್ಪಿದೆ, ಆ ಮಾತನ್ನೂ ಹೇಳಬೇಕಿತ್ತು. ಆದರೆ ಎರಡೂ ಅಧ್ಯಯನ ಡಿಸ್ಕಿನ ಗುಣಮಟ್ಟದ ಬಗ್ಗೆ, ಪ್ಲೇಯರ್ ಬೆಲೆಯ ಬಗ್ಗೆ ಅಲ್ಲ. ಇಲ್ಲಿನ ಪ್ರಶ್ನೆಗೆ ಮೆಲುದನಿ ಅವರ ಮನೆಯಲ್ಲೇ ಉತ್ತರ ಸಿಗಬೇಕು.

ಮೌನರಾಗ:
ಡಿಸ್ಕ್ ಅಂಚಿಗೆ ಹಸಿರು ಬಣ್ಣ ಬಳಿದರೆ ದನಿ ಸುಧಾರಿಸುತ್ತದೆ ಅಂತ ಒಂದು ಕಾಲದಲ್ಲಿ ಓಡಾಡುತ್ತಿತ್ತಲ್ಲ. ಅದರಲ್ಲಿ ಹುರುಳಿದೆಯಾ?

ಬೆಸುಗೆ:
ಇಲ್ಲ. ಸಿಡಿ ಓದುವ ಲೇಸರ್ 780 ನ್ಯಾನೋಮೀಟರ್, ಇನ್‌ಫ್ರಾರೆಡ್. ಅಂಚಿನಲ್ಲಿ ಬೆಳಕು ಚದುರಿದರೂ ಅಂಕಿ ಸರಿಯಾಗಿ ಓದಿದ್ದರೆ ಮುಗಿಯಿತು. ಬಣ್ಣ ಡಿಸ್ಕಿಗೆ ಹತ್ತಿ, ಪ್ಲೇಯರ್ ಒಳಗೂ ಹತ್ತುತ್ತದೆ. ಒಂದೆರಡನ್ನು ನಾನೇ ಒರೆಸಿದ್ದೇನೆ.

ಮೆಲುದನಿ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ, ಭಾನುವಾರ ಪೂರ್ತಿ ಇದಕ್ಕೇ ಕೂತೆ. ಬೆಸುಗೆ ಸರ್ ಹೇಳಿದಂತೆ 200 ಹರ್ಟ್ಸ್‌ನಲ್ಲಿ ಅಳೆದೆ. ನನ್ನ ಪ್ಲೇಯರ್ 1.81 ವೋಲ್ಟ್, ಗೆಳೆಯರದು 2.28 ವೋಲ್ಟ್. ಲೆಕ್ಕ ಹಾಕಿದರೆ 2 ಡೆಸಿಬೆಲ್! ತಂತಿಮಿಡಿತ ಅವರ ಮಾತು ಓದಿದಾಗ ಒಳಗೊಳಗೇ ಸಿಟ್ಟು ಬಂದಿತ್ತು, ಈಗ ಹೇಳುತ್ತೇನೆ. ಅವರು ಹೇಳಿದ್ದು ಸರಿ.

ಪೊಟೆನ್ಶಿಯೋಮೀಟರ್ ಹಾಕಿ ಸಮ ಮಾಡಿದೆ. ಮೂರು ಡಿಸ್ಕ್‌ಗಳ ನಕಲು ತೆಗೆದೆ. ಒಂದು ಹಾಡುಗಾರಿಕೆ, ಒಂದು ವಯಲಿನ್, ಶ್ರುತಿಪೆಟ್ಟಿಗೆ ಮೇಡಂ ಹೇಳಿದ ಹಾಗೆ ಒಂದು ತಂಬೂರಿ. ಮಗಳು ಪರದೆ ಹಿಂದೆ ಕೂತು ನಾಣ್ಯ ಚಿಮ್ಮಿ ಬದಲಿಸಿದಳು, ಒಂದು ಮಾತೂ ಆಡದೆ. 16ರಲ್ಲಿ 9 ಸರಿ. ಆರನೇ ಸಲದ ಹೊತ್ತಿಗೇ ಗೊತ್ತಾಯಿತು, ನಾನು ಊಹಿಸುತ್ತಿದ್ದೇನೆ ಅಂತ. ಸ್ವಲ್ಪ ಮನಸ್ಸಿಗೆ ನೋವಾಯಿತು. ಆ "ಎರಡು ಹೆಜ್ಜೆ ಮುಂದೆ" ಎಲ್ಲಿಗೆ ಹೋಯಿತೋ.

ಆದರೆ ಪಿಯಾನೋ ಡಿಸ್ಕ್ ಒಗಟು ಬಿಡಿಸಲು ಆಗಲಿಲ್ಲ. ಮೂಲ ನನ್ನ ಪ್ಲೇಯರ್‌ನಲ್ಲಿ, ನಕಲು ಗೆಳೆಯರದರಲ್ಲಿ ಹಾಕಿದೆ. ಎರಡೂ ಚೂಪು! ಆಮೇಲೆ ಮೂಲವನ್ನೇ ಗೆಳೆಯರದಕ್ಕೆ ಹಾಕಿದೆ. ಮೆತ್ತಗೆ ಬಂತು. ಮೂಲವನ್ನೇ ಅಲ್ಲಿಂದಿಲ್ಲಿಗೆ ಬದಲಿಸುತ್ತಾ ಕಣ್ಣು ಕಟ್ಟಿಕೊಂಡು 10 ಸಲ ಕೇಳಿದೆ. ನಡುವೆ ಒಂದೊಂದು ನಿಮಿಷ ಹಿಡಿಯುತ್ತಿತ್ತು. ಆದರೂ ಹತ್ತಕ್ಕೆ ಹತ್ತು. ಇದು ಏನು?

ಹಳೆಪ್ಲೇಯರ್:
ಹೇಳಿದ್ದೆನಲ್ಲ! ಒಂದು, ನಕಲು ಮೂಲದ ಹಾಗೆ ಕೇಳುವುದಿಲ್ಲ. ಎರಡು, ಒಳ್ಳೆಯ ಪ್ಲೇಯರ್ ಮೂಲದಲ್ಲಿರುವುದನ್ನು ಹೊರಗೆ ತರುತ್ತದೆ. ಎರಡೂ ಒಂದೇ ಡಿಸ್ಕ್‌ನಲ್ಲಿ ಸಾಬೀತಾಯಿತು.

ಅಂಕಿಲೆಕ್ಕ:
ಹತ್ತಕ್ಕೆ ಹತ್ತು ಅಂದರೆ ಅದೃಷ್ಟದಿಂದ ಬರುವುದು 1,024ಕ್ಕೆ ಒಂದು ಸಲ. ಇದನ್ನು ಯಾರೂ ತಳ್ಳಿಹಾಕುವಂತಿಲ್ಲ. ಆದರೆ ಹಳೆಪ್ಲೇಯರ್ ಅವರೇ, ನಕಲಿನ ದೋಷ ಆಗಿದ್ದರೆ ಉಳಿದ ಮೂರು ನಕಲುಗಳಲ್ಲಿ ಯಾಕೆ ಏನೂ ಕೇಳಲಿಲ್ಲ?

ಬೆಸುಗೆ:
ಮೆಲುದನಿ ಅವರೇ, ನೀವು ನಕಲಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಅದರಿಂದಲೇ ಗೊತ್ತಾಗುತ್ತಿದೆ. ಆ ಡಿಸ್ಕ್‌ನಲ್ಲಿ ಪ್ರಿ-ಎಂಫಸಿಸ್ ಇರಬೇಕು.

ಸಿಡಿ ಬಂದ ಹೊಸತರಲ್ಲಿ ಪರಿವರ್ತಕಗಳ ಹಿಸ್ (ಸುಸ್ಸೆನ್ನುವ ಹಿನ್ನೆಲೆ ಸದ್ದು) ಅಡಗಿಸಲು ಒಂದು ಉಪಾಯ ಇತ್ತು. ರೆಕಾರ್ಡ್ ಮಾಡುವಾಗ ಮೇಲಿನ ಸ್ವರಗಳನ್ನು ಬೇಕೆಂದೇ ಎತ್ತಿ ಬರೆಯುವುದು, ನುಡಿಸುವಾಗ ಅಷ್ಟೇ ತಗ್ಗಿಸುವುದು. ತಗ್ಗಿಸುವಾಗ ಹಿಸ್ ಕೂಡ ತಗ್ಗುತ್ತದೆ. ಎತ್ತುವುದು ಸಣ್ಣ ಪ್ರಮಾಣ ಅಲ್ಲ. 10 ಕಿಲೋಹರ್ಟ್ಸ್‌ನಲ್ಲಿ 7.6 ಡೆಸಿಬೆಲ್, 20 ಕಿಲೋಹರ್ಟ್ಸ್‌ನಲ್ಲಿ 9.5 ಡೆಸಿಬೆಲ್. "ಇದನ್ನು ತಗ್ಗಿಸಿ ನುಡಿಸು" ಎಂದು ಹೇಳುವ ಒಂದು ಗುರುತು ಡಿಸ್ಕ್‌ನಲ್ಲಿ ಇರುತ್ತದೆ. ಸಿಡಿ ಪ್ಲೇಯರ್ ಆ ಗುರುತು ನೋಡಿ ತಗ್ಗಿಸುತ್ತದೆ. ಕೆಲವು ಡಿವಿಡಿ ಪ್ಲೇಯರ್‌ಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಂಥ ಡಿಸ್ಕ್‌ಗಳು ಈಗ ಅಪರೂಪ, ಹಾಗಾಗಿ ಯಾರೂ ಗಮನಿಸುವುದೂ ಇಲ್ಲ.

ನಕಲು ತೆಗೆಯುವಾಗ ಅಂಕಿಗಳೆಲ್ಲ ಬಂದವು, ಆ ಗುರುತು ಮಾತ್ರ ಬಿಟ್ಟುಹೋಯಿತು. ಅದಕ್ಕೇ ನಕಲು ಒಳ್ಳೆಯ ಪ್ಲೇಯರ್‌ನಲ್ಲೂ ಚೂಪು. 200 ಹರ್ಟ್ಸ್‌ನಲ್ಲಿ ಮಟ್ಟ ಸಮ ಮಾಡಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಏರಿಕೆ ಇರುವುದು ಮೇಲುಗಡೆ ಮಾತ್ರ. ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿ ನೋಡಿ. ಸಿಡಿ ನಕಲು ತೆಗೆಯುವ ಕೆಲವು ತಂತ್ರಾಂಶಗಳು ಟ್ರ್ಯಾಕ್ ಪಟ್ಟಿಯ ಪಕ್ಕದಲ್ಲೇ ಪ್ರಿ-ಎಂಫಸಿಸ್ ಇದೆಯೋ ಇಲ್ಲವೋ ತೋರಿಸುತ್ತವೆ.

ಮೆಲುದನಿ:
ನೋಡಿದೆ. ಹನ್ನೊಂದು ಟ್ರ್ಯಾಕಿಗೂ ಪ್ರಿ-ಎಂಫಸಿಸ್ "ಹೌದು". ಉಳಿದ ಮೂರು ಡಿಸ್ಕ್‌ಗೂ "ಇಲ್ಲ".

ಹತ್ತು ವರ್ಷ ಆ ಪಿಯಾನೋ ನುಡಿಸಿದವರ ಬೆರಳು ಗಡಸು ಅಂದುಕೊಂಡು ಬಂದೆನಲ್ಲ, ಅದು ನೆನೆದು ಸಂಕಟವಾಗುತ್ತಿದೆ.

ತಂತಿಮಿಡಿತ:
ಬೆಸುಗೆ ಸರ್‌ಗೆ ದೊಡ್ಡ ನಮಸ್ಕಾರ. ನನಗೆ ಇದು ಹೊಳೆಯಲೇ ಇಲ್ಲ. ಮಗಳ ಕಿವಿಗೂ ಒಂದು ಶಭಾಷ್.

ಹಳೆಪ್ಲೇಯರ್:
ಒಪ್ಪುತ್ತೇನೆ. ನಕಲುಗಳ ಬಗ್ಗೆ ನಾನು ಕೇಳಿದ್ದರಲ್ಲಿ ಕೆಲವು ಇದೇ ಇರಬಹುದು. ನನ್ನ ಹತ್ತಿರ ಆ ಕಾಲದ ಜಪಾನಿ ಡಿಸ್ಕ್‌ಗಳು ತುಂಬಾ ಇವೆ, ಇವತ್ತೇ ತೆಗೆದು ನೋಡುತ್ತೇನೆ. ಆದರೆ ಒಂದು ಮಾತು ಬಿಡುವುದಿಲ್ಲ. ದುಬಾರಿ ಪ್ಲೇಯರ್ ಡಿಸ್ಕ್ ಕೇಳಿದ್ದನ್ನು ಮಾಡಿತು, ಅಗ್ಗದ್ದು ಮಾಡಲಿಲ್ಲ. ಅದು ಎಂಜಿನಿಯರಿಂಗ್ ವ್ಯತ್ಯಾಸವೇ.

ಬೆಸುಗೆ:
ಎಂಜಿನಿಯರಿಂಗ್ ವ್ಯತ್ಯಾಸ ಹೌದು, ಬೆಲೆಯ ವ್ಯತ್ಯಾಸ ಅಲ್ಲ. ಈ ಕೆಲಸವನ್ನು ಸರಿಯಾಗಿ ಮಾಡುವ ಹಳೆಯ ಸಾದಾ ಸಿಡಿ ಪ್ಲೇಯರ್‌ಗಳು ಎಷ್ಟೋ ಇವೆ. ಮೆಲುದನಿ ಅವರೇ, ಬೇರೆ ಪ್ಲೇಯರ್ ಕೊಳ್ಳದೆಯೂ ಸರಿ ಮಾಡಬಹುದು. ಸಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಡಿ-ಎಂಫಸಿಸ್, ಅಂದರೆ ಎತ್ತಿದ್ದನ್ನು ತಗ್ಗಿಸುವ ಆಜ್ಞೆ ಇದೆ. ಫೈಲುಗಳನ್ನು ಅದರಲ್ಲಿ ಹಾಯಿಸಿ ಹೊಸ ಸಿಡಿ-ಆರ್ ಸುಡಿ. ಒಂದೇ ಸಲ ಹಾಯಿಸಿ. ಎರಡು ಸಲ ಆದರೆ ದನಿ ಮಂಕಾಗುತ್ತದೆ.

ಕಿವಿಮಾತು:
ಹಾಗಾದರೆ ಕೂಡಿಟ್ಟ ದುಡ್ಡು?

ಮೆಲುದನಿ:
ಸ್ಪೀಕರ್ ಕಡೆ ಯೋಚಿಸುತ್ತಿದ್ದೇನೆ. ಅದಕ್ಕಿಂತ ಮೊದಲು ಕೋಣೆ. ಸ್ಪೀಕರ್ ಗೋಡೆಗೆ ಅಂಟಿಕೊಂಡಿದೆ, ಕೆಳಗಿನ ಸ್ವರ ಗುಂಯ್ ಅನ್ನುತ್ತದೆ. ಪರೀಕ್ಷೆ ಮಾಡುವಾಗ ಒಂದಡಿ ಮುಂದೆ ಎಳೆದಿದ್ದೆ. ಎರಡು ಪ್ಲೇಯರ್‌ಗಳ ನಡುವೆ ಸಿಗದ ವ್ಯತ್ಯಾಸ ಅಲ್ಲಿ ಸಿಕ್ಕಿತು.

ನಿನ್ನೆ ರಾತ್ರಿ ಸಾಕ್ಸ್‌ನಲ್ಲಿ ಹಾಯಿಸಿದ ಪಿಯಾನೋ ಡಿಸ್ಕ್ ಸುಟ್ಟು ನನ್ನ ಹಳೇ ಪ್ಲೇಯರ್‌ಗೆ ಹಾಕಿದೆ. ಮರದ ದನಿ ಬಂತು. ಮಗಳನ್ನು ಕರೆದು, ಏನೂ ಹೇಳದೆ ಕೇಳಿಸಿದೆ. "ಗೆಳೆಯರ ಪ್ಲೇಯರ್ ಇನ್ನೂ ವಾಪಸ್ ಕೊಟ್ಟಿಲ್ವಾ?" ಅಂದಳು.

ಶ್ರುತಿಪೆಟ್ಟಿಗೆ:
ಓದಿ ತುಂಬಾ ಖುಷಿಯಾಯಿತು. ನನ್ನ ಗುರುಗಳ ಕಾಲದ ಎರಡು ಹಳೇ ಸಿಡಿ ಇವೆ, ಅವೂ ಇದೇ ಥರ ಕಿವಿಗೆ ಚುಚ್ಚುತ್ತವೆ. ಬೆಸುಗೆ ಸರ್, ಡಿಸ್ಕಿನ ಮೇಲೆ ಎಲ್ಲಾದರೂ ಬರೆದಿರುತ್ತದಾ?

ಬೆಸುಗೆ:
ಬರೆದಿರುವುದು ಅಪರೂಪ, ಮೇಡಂ. ಕಂಪ್ಯೂಟರ್‌ಗೆ ಹಾಕಿಯೇ ನೋಡಿ. ಕೆಲವು ಡಿಸ್ಕ್‌ಗಳಲ್ಲಿ ಟ್ರ್ಯಾಕ್ ಪಟ್ಟಿಯಲ್ಲಿ ಗುರುತು ಇರುವುದಿಲ್ಲ, ಪ್ರತಿ ಟ್ರ್ಯಾಕಿನ ಸಬ್‌ಕೋಡ್ (ದನಿಯ ಜೊತೆಗೇ ಬರೆದ ಹೆಚ್ಚುವರಿ ಮಾಹಿತಿ) ಒಳಗೆ ಮಾತ್ರ ಇರುತ್ತದೆ. ಪಟ್ಟಿ "ಇಲ್ಲ" ಅಂದರೂ ಚುಚ್ಚುತ್ತಿದ್ದರೆ ಸಬ್‌ಕೋಡ್ ಓದುವ ತಂತ್ರಾಂಶದಲ್ಲೂ ಒಮ್ಮೆ ನೋಡಿ. ಸಿಕ್ಕಿದ್ದನ್ನು ಇಲ್ಲಿ ಬರೆಯಿರಿ.